‘ಮರೆತುಬಿಡು’ ಎನ್ನುವ ಮೊದಲು

ಸಾವಾದ ಮನೆಗೆ ಮಾತನಾಡಿಸಲು ಹೋದಾಗ ನಮ್ಮೆಲ್ಲರ ಬಾಯಿಂದ ತಾನಾಗಿಯೇ ಬರುವ ಮಾತೊಂದಿದೆ. “ಆಗಿದ್ದು ಆಗೋಯ್ತಮ್ಮ, ಮರ್ತುಬಿಡು. ಮಕ್ಕಳ ಮುಖ ನೋಡಿ ಧೈರ್ಯ ತಂದ್ಕೋ.” ಹೀಗೆ ಹೇಳುವಾಗ ನಮ್ಮ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಎದುರಿಗೆ ಕುಳಿತವರ ಕಣ್ಣೀರನ್ನು ನೋಡಲಾಗದೆ, ಏನಾದರೂ ಹೇಳಲೇಬೇಕಲ್ಲ ಎಂದು ಹೇಳಿ, ಸ್ವಲ್ಪ ಹೊತ್ತು ಕುಳಿತು ಎದ್ದು ಬರುತ್ತೇವೆ. ಆದರೆ ಆ ಮಾತನ್ನು ಕೇಳಿಸಿಕೊಂಡವರಿಗೆ ಅದರಿಂದ ಎಷ್ಟು ನೆರವಾಯಿತು? ಮರೆಯಬೇಕೆಂದು ಮನಸ್ಸು ಮಾಡಿದ ಮಾತ್ರಕ್ಕೆ ಮರೆಯಲು ಆಗುತ್ತದೆಯೇ? ಅವರ ದುಃಖ ನಮ್ಮ ಕಣ್ಣಿಗೆ ಬೀಳದಿರಲಿ ಎಂಬ ನಮ್ಮದೇ ಆಸೆ ಆ ಮಾತಿನೊಳಗೆ ಅಡಗಿಲ್ಲವೇ? ಪ್ರಿಯ ಓದುಗರೇ, ಈ ಪ್ರಶ್ನೆಗಳನ್ನು ಇಂದು ಸ್ವಲ್ಪ ಸಾವಧಾನವಾಗಿ ಯೋಚಿಸೋಣ.

ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಸೀಮೆಯ ಒಂದು ಹಳ್ಳಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಲ್ಲಿ ಒಬ್ಬ ಹೆಣ್ಣುಮಗಳು. ಈಕೆ ಇಂಥವಳೇ ಎಂದು ಯಾರೂ ಹುಡುಕುವುದು ಬೇಡ. ಹಲವು ಮನೆಗಳಲ್ಲಿ ಕಾಣುವ ಸಂಕಟವನ್ನು ಒಬ್ಬಳಲ್ಲಿ ಕೂಡಿಸಿ ಹೇಳುತ್ತಿದ್ದೇನೆ. ಗಂಡ ಹೆಂಡತಿ ಇಬ್ಬರೂ ಚಿತ್ರದುರ್ಗದಲ್ಲಿ ನೆಂಟರ ಮದುವೆಗೆ ಹೋಗಿದ್ದರು. “ಕತ್ತಲಾಯ್ತು, ಇಲ್ಲೇ ಮಲಗಿ ಬೆಳಿಗ್ಗೆ ಹೋಗೋಣ” ಎಂದ ಗಂಡ. “ಬೆಳಿಗ್ಗೆ ಹಸು ಕರೆಯೋರ್‍ಯಾರು? ಈಗ್ಲೇ ಹೋಗೋಣ” ಎಂದಳು ಈಕೆ. ದಾರಿಯಲ್ಲಿ ಹಿಂದಿನಿಂದ ಬಂದ ಲಾರಿ ಬೈಕಿಗೆ ಬಡಿಯಿತು. ಗಂಡ ಸ್ಥಳದಲ್ಲೇ ಸತ್ತ. ಕಾಲು ಮುರಿದುಕೊಂಡು ಈಕೆ ಅವನ ಪಕ್ಕದಲ್ಲೇ, ಯಾರಾದರೂ ಬರುವವರೆಗೆ, ಬಿದ್ದಿದ್ದಳು.

ಎರಡು ವರ್ಷ ಕಳೆದಿದೆ. ಕಾಲು ಕೂಡಿಕೊಂಡಿದೆ. ಹಸು ಕರೆಯುತ್ತಾಳೆ, ಹೊಲಕ್ಕೆ ಹೋಗುತ್ತಾಳೆ, ಮಕ್ಕಳಿಗೆ ಬುತ್ತಿ ಕಟ್ಟುತ್ತಾಳೆ. ‘ಪರವಾಗಿಲ್ಲ, ಗಟ್ಟಿ ಹೆಂಗಸು’ ಎಂದು ಊರು ಮೆಚ್ಚಿಕೊಂಡಿದೆ. ಆದರೆ ಆಕೆ ಇಂದಿಗೂ ಬಸ್ಸು ಹತ್ತುವುದಿಲ್ಲ. ಕುಕ್ಕರ್ ಕೂಗಿದರೆ ಬೆಚ್ಚಿ ಬೀಳುತ್ತಾಳೆ. ರಾತ್ರಿ ನಿದ್ದೆಯಲ್ಲಿ ಲಾರಿಯ ದೀಪ ಕಂಡು ಎದ್ದು ಕೂರುತ್ತಾಳೆ. ಮಗ ಸೈಕಲ್ ಕೇಳಿದರೆ ಬಡಿಯಲು ಹೋಗುತ್ತಾಳೆ, ಆಮೇಲೆ ತಾನೇ ಅಳುತ್ತಾಳೆ. ಪ್ರತಿ ತಪಸ್ಸುಕಾಲದಲ್ಲೂ ಪಾಪನಿವೇದನೆಗೆ ಹೋಗಿ ಒಂದೇ ಮಾತನ್ನು ಹೇಳುತ್ತಾಳೆ: “ಅವರನ್ನ ಕೊಂದೋಳು ನಾನೇ ಸ್ವಾಮಿ.” ಗುರುಗಳು ಸಮಾಧಾನ ಹೇಳಿ ಆಶೀರ್ವದಿಸಿ ಕಳುಹಿಸುತ್ತಾರೆ. ಅವಳ ಎದೆಯ ಭಾರ ಮಾತ್ರ ಇಳಿದಿಲ್ಲ.

ಇವಳಿಗೆ ನಾವು ‘ಮರೆತುಬಿಡು’ ಎಂದಿದ್ದೇವೆ. ಅವಳು ಮರೆಯಲು ಪ್ರಯತ್ನಿಸಿಯೂ ಇದ್ದಾಳೆ. ಆ ರಸ್ತೆಯನ್ನು ಬಿಟ್ಟಳು, ಬಸ್ಸನ್ನು ಬಿಟ್ಟಳು, ಗಂಡನ ಹೆಸರೆತ್ತುವುದನ್ನೂ ಬಿಟ್ಟಳು. ಮರೆಯಲೆಂದು ಒಂದೊಂದನ್ನೇ ಬಿಡುತ್ತಾ ಹೋದಂತೆ ಅವಳ ಬದುಕು ಕಿರಿದಾಗುತ್ತಾ ಬಂತೇ ಹೊರತು ನೆನಪು ಕಿರಿದಾಗಲಿಲ್ಲ.

ಮನಸ್ಸಿನ ಗಾಯ ಎಂದರೇನು?

ನಮ್ಮ ನಿತ್ಯದ ನೆನಪುಗಳಿಗೆ ಒಂದು ಗುಣವಿದೆ. ದಿನ ಕಳೆದಂತೆ ಅವು ‘ಹಿಂದೆ ನಡೆದದ್ದು’ ಎಂಬ ಜಾಗಕ್ಕೆ ಹೋಗಿ ಕೂರುತ್ತವೆ. ಹತ್ತು ವರ್ಷದ ಹಿಂದಿನ ಹಬ್ಬವನ್ನು ನೆನೆದರೆ ಸಂತೋಷವಾಗುತ್ತದೆ. ಆದರೆ ಈಗಲೇ ಹಬ್ಬ ನಡೆಯುತ್ತಿದೆ ಎಂದು ಯಾರೂ ಹೊಸ ಬಟ್ಟೆ ಉಡುವುದಿಲ್ಲ. ಪ್ರಾಣಕ್ಕೇ ಕುತ್ತು ಬಂದ ಗಳಿಗೆಯ ನೆನಪು ಹಾಗಲ್ಲ. ಅಪಾಯ ಎದುರಾದಾಗ ಮಿದುಳಿನ ಒಳಭಾಗ ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಬಿಗಿಯಾಗುತ್ತದೆ, ದೇಹ ಹೋರಾಡಲು ಇಲ್ಲವೇ ಓಡಲು ಅಣಿಯಾಗುತ್ತದೆ. ಎರಡೂ ಆಗದಿದ್ದಾಗ ಕಲ್ಲಿನಂತೆ ಮರಗಟ್ಟುತ್ತದೆ. ಇದು ಜೀವ ಉಳಿಯಲೆಂದು ಸೃಷ್ಟಿಕರ್ತನೇ ನಮ್ಮಲ್ಲಿ ಇಟ್ಟಿರುವ ಕಾವಲು. ಅಪಾಯ ಕಳೆದ ಮೇಲೂ ಕೆಲವರಲ್ಲಿ ಈ ಗಂಟೆ ನಿಲ್ಲುವುದಿಲ್ಲ. ಅಂದಿನ ಶಬ್ದ, ವಾಸನೆ, ಬೆಳಕು ಎಲ್ಲೇ ಎದುರಾದರೂ ದೇಹ ‘ಈಗಲೇ ಆಗುತ್ತಿದೆ’ ಎಂದು ನಂಬಿಬಿಡುತ್ತದೆ. ಕುಕ್ಕರಿನ ಸದ್ದಿಗೆ ಬೆಚ್ಚುವ ಆ ತಾಯಿಗೆ ಬುದ್ಧಿ ಕಡಿಮೆಯಾಗಿಲ್ಲ. ಅವಳ ದೇಹಕ್ಕೆ ಆ ರಾತ್ರಿ ಇನ್ನೂ ಮುಗಿದಿಲ್ಲ, ಅಷ್ಟೇ.

ಬೇಡವೆಂದರೂ ನುಗ್ಗುವ ನೆನಪು, ಕೆಟ್ಟ ಕನಸು, ನೆನಪಿಸುವ ಎಲ್ಲವನ್ನೂ ದೂರವಿಡುವುದು, ಸದಾ ಬೆಚ್ಚಿ ಬೀಳುವುದು, ತನ್ನನ್ನೇ ದೂರಿಕೊಳ್ಳುವುದು ಇವೆಲ್ಲ ಒಂದು ತಿಂಗಳಿಗೂ ಮೀರಿ ಮುಂದುವರಿದು ಬದುಕನ್ನು ಕೆಡಿಸಿದರೆ ಅದನ್ನು ಆಘಾತೋತ್ತರ ಒತ್ತಡದ ಕಾಯಿಲೆ ಎನ್ನುತ್ತಾರೆ. ಪಿಟಿಎಸ್‌ಡಿ ಎಂಬ ಹೆಸರಿನಲ್ಲಿ ಇದು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ಒಂದು ಮಾತನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ದುರಂತ ಕಂಡವರೆಲ್ಲರಿಗೂ ಈ ಕಾಯಿಲೆ ಬರುವುದಿಲ್ಲ. ಹೆಚ್ಚಿನವರು ಮನೆಯವರ ಆಸರೆ, ನೆರೆಹೊರೆ, ಪ್ರಾರ್ಥನೆ, ದಿನದ ಕೆಲಸ ಇವುಗಳ ಬಲದಿಂದಲೇ ಚೇತರಿಸಿಕೊಳ್ಳುತ್ತಾರೆ. ಉಳಿದವರಿಗೆ ಚಿಕಿತ್ಸೆ ಬೇಕಾಗುತ್ತದೆ. ಮೂಳೆ ಮುರಿದರೆ ಕೆಲವೊಮ್ಮೆ ತಾನೇ ಕೂಡುತ್ತದೆ, ಕೆಲವೊಮ್ಮೆ ಪಟ್ಟು ಹಾಕಿಸಬೇಕಾಗುತ್ತದೆ. ಪಟ್ಟು ಹಾಕಿಸಿಕೊಂಡವರನ್ನು ಯಾರೂ ಹೇಡಿ ಎನ್ನುವುದಿಲ್ಲವಲ್ಲ.

ನಮ್ಮ ನಾಡಿನಲ್ಲೇ ಬೆಳೆದ ವಿದ್ಯೆ

ಮಾತಿನಿಂದ ಮನಸ್ಸನ್ನು ಗುಣಪಡಿಸುವುದು ಪರದೇಶದವರ ಶೋಕಿ ಎಂದು ತಿಳಿದವರು ಇಂದಿಗೂ ಇದ್ದಾರೆ. ಆದರೆ ಭಾರತದಲ್ಲಿ ಈ ವಿದ್ಯೆ ಬೇರೂರಿದ ಮುಖ್ಯ ಸ್ಥಳಗಳಲ್ಲಿ ಒಂದು ನಮ್ಮ ಬೆಂಗಳೂರು. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಮರುವರ್ಷವೇ ಮನೋವೈದ್ಯರಿಗೂ ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೂ ತರಬೇತಿ ಶುರುವಾಯಿತು. 1974ರಲ್ಲಿ ಆ ಸಂಸ್ಥೆ ಮಾನಸಿಕ ಆಸ್ಪತ್ರೆಯೊಡನೆ ಒಂದಾಗಿ ನಿಮ್ಹಾನ್ಸ್ ಆಯಿತು.

ಈ ಇಬ್ಬರು ತಜ್ಞರ ವ್ಯತ್ಯಾಸ ಹಳ್ಳಿಯ ಓದುಗರಿಗೆ ಗೊಂದಲ ಉಂಟುಮಾಡಬಹುದು. ಮನೋವೈದ್ಯರು ಎಂ.ಬಿ.ಬಿ.ಎಸ್. ಓದಿದ ಡಾಕ್ಟರು, ಔಷಧಿ ಬರೆಯುತ್ತಾರೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮನಶ್ಶಾಸ್ತ್ರ ಓದಿ, ಆಸ್ಪತ್ರೆಯಲ್ಲಿ ತರಬೇತಿ ಪಡೆದು, ಮಾತುಕತೆ ಮತ್ತು ಅಭ್ಯಾಸಗಳ ಮೂಲಕ ಚಿಕಿತ್ಸೆ ಕೊಡುತ್ತಾರೆ. ಅನೇಕ ವೇಳೆ ಇಬ್ಬರೂ ಜೊತೆಗೂಡಿ ಕೆಲಸ ಮಾಡುತ್ತಾರೆ.

1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದದ್ದು ಹಿರಿಯ ಓದುಗರಿಗೆ ನೆನಪಿರಬಹುದು. 92 ಮಂದಿ ಸತ್ತರು. ಅವರಲ್ಲಿ ಬಹುಪಾಲು ಮಕ್ಕಳು. ಸತ್ತವರ ಬಂಧುಗಳ ಶೋಕ ಹೇಗಿತ್ತು, ಅವರಿಗೆ ಏನು ಬೇಕಿತ್ತು ಎಂಬುದನ್ನು ನಿಮ್ಹಾನ್ಸ್‌ನ ತಜ್ಞರು ಅಧ್ಯಯನ ಮಾಡಿದರು. ದುರಂತವೊಂದರ ನಂತರ ಸುಟ್ಟ ಗಾಯದ ಜೊತೆಗೆ ಉಳಿದವರ ಮನಸ್ಸನ್ನೂ ನೋಡಬೇಕೆಂಬ ತಿಳಿವಳಿಕೆ ನಮ್ಮಲ್ಲಿ ಬೆಳೆದದ್ದು ಇಂಥ ಅನುಭವಗಳಿಂದ. 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ ಇವುಗಳ ನಂತರ ನಿಮ್ಹಾನ್ಸ್‌ನವರು ಆಯಾ ಊರಿನ ಸಾಮಾನ್ಯ ಕಾರ್ಯಕರ್ತರಿಗೇ ತರಬೇತಿ ಕೊಟ್ಟು, ಮನೆಮನೆಗೆ ಹೋಗಿ ನೊಂದವರ ಮಾತು ಕೇಳುವಂತೆ ಮಾಡಿದರು. ಹಳ್ಳಿಗಳಿಗೆ ಈ ಸೇವೆ ಮುಟ್ಟಬೇಕೆಂದು ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ 1985ರಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಕನ್ನಡದಲ್ಲಿ ಮನಸ್ಸಿನ ಆರೋಗ್ಯದ ಬಗ್ಗೆ ಸರಳವಾಗಿ ನೂರಾರು ಪುಸ್ತಕ ಬರೆದ ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಅವರಿಗೆ 2024ರಲ್ಲಿ ಪದ್ಮಶ್ರೀ ದೊರೆಯಿತು.

ಇಷ್ಟೆಲ್ಲ ಏಕೆ ಹೇಳಬೇಕಾಯಿತೆಂದರೆ, ನಮ್ಮ ಜಿಲ್ಲೆಯ ರಸ್ತೆಗಳು ನಮಗೆ ಇಂಥ ಗಾಯಗಳನ್ನು ಕೊಡುತ್ತಲೇ ಇವೆ. 2020ರ ಆಗಸ್ಟ್‌ನಲ್ಲಿ ಹಿರಿಯೂರಿನ ಬಳಿ ಹೆದ್ದಾರಿಯಲ್ಲಿ, ವಿಜಯಪುರದಿಂದ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಬಸ್ಸೊಂದು ಉರಿದು ಐವರು ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಸತ್ತವರ ಲೆಕ್ಕವನ್ನು ಪತ್ರಿಕೆಗಳು ಕೊಡುತ್ತವೆ. ಬದುಕಿ ಉಳಿದವರು ಆಮೇಲೆ ಹೇಗೆ ನಿದ್ದೆ ಮಾಡುತ್ತಾರೆ ಎಂಬುದು ಸುದ್ದಿಯಾಗುವುದಿಲ್ಲ.

ಆ ಕೋಣೆಯೊಳಗೆ ಏನು ನಡೆಯುತ್ತದೆ?

ನಮ್ಮ ಆ ತಾಯಿಯನ್ನು ಯಾರೋ ಒಬ್ಬರು, ಅವಳ ನಾದಿನಿಯೇ ಎಂದಿಟ್ಟುಕೊಳ್ಳೋಣ, ಚಿಕಿತ್ಸಾ ಮನಶ್ಶಾಸ್ತ್ರಜ್ಞರ ಬಳಿಗೆ ಕರೆದೊಯ್ದರು. ಅಲ್ಲಿ ಏನಾಗುತ್ತದೆ? ‘ಮಂಕು ಮಾಡಿ ಗುಟ್ಟು ಹೊರಡಿಸುತ್ತಾರೆ’, ‘ಕರೆಂಟು ಕೊಡುತ್ತಾರೆ’ ಎಂಬೆಲ್ಲ ಭಯ ನಮ್ಮಲ್ಲಿದೆ. ಅಲ್ಲಿ ಅಂಥದ್ದೇನೂ ಇಲ್ಲ.

ಮೊದಲ ಕೆಲಸ ಸುರಕ್ಷತೆ. ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಚೇತರಿಕೆಯನ್ನು ಮೂರು ಹಂತಗಳಾಗಿ ವಿವರಿಸಿದರು: ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ಶೋಕ, ಕೊನೆಗೆ ಮತ್ತೆ ಜನರೊಡನೆ ಬೆರೆಯುವುದು. ಈ ಕ್ರಮ ಮುಖ್ಯ. ಮೊದಲ ದಿನವೇ ‘ಏನಾಯಿತು, ಎಲ್ಲಾ ಹೇಳಿ’ ಎಂದು ತಜ್ಞರು ಒತ್ತಾಯಿಸುವುದಿಲ್ಲ. “ನಿಮಗೆ ಹೇಳಬೇಕು ಅನ್ನಿಸಿದಷ್ಟು ಹೇಳಿ ಅಮ್ಮ, ಸಾಕು ಅನ್ನಿಸಿದಾಗ ನಿಲ್ಲಿಸಿ” ಎನ್ನುತ್ತಾರೆ. ಇಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ ಎಂಬ ಭರವಸೆ ಕೊಡುತ್ತಾರೆ. ಅವಳ ದೇಹದಲ್ಲಿ ಏನಾಗುತ್ತಿದೆ ಎಂಬುದನ್ನು ಬಿಡಿಸಿ ಹೇಳುತ್ತಾರೆ. ‘ನನಗೆ ಹುಚ್ಚು ಹಿಡಿಯುತ್ತಿದೆ’ ಎಂದು ಎರಡು ವರ್ಷ ಹೆದರಿದ್ದವಳಿಗೆ ಅದೊಂದೇ ಅರ್ಧ ನೆಮ್ಮದಿ ತರುತ್ತದೆ. ಎದೆ ಹೊಡೆದುಕೊಂಡಾಗ ಉಸಿರನ್ನು ನಿಧಾನವಾಗಿ ಬಿಡುವುದು, ಪಾದವನ್ನು ನೆಲಕ್ಕೆ ಊರಿ ಸುತ್ತ ಕಾಣುವ ವಸ್ತುಗಳನ್ನು ಒಂದೊಂದಾಗಿ ಹೆಸರಿಸುವುದು, ಹೀಗೆ ‘ನಾನು ಇರುವುದು ಇಲ್ಲಿ, ಇವತ್ತು’ ಎಂದು ದೇಹಕ್ಕೆ ತಿಳಿಸಿ ಹೇಳುವ ಅಭ್ಯಾಸ ಮಾಡಿಸುತ್ತಾರೆ.

ಎರಡನೆಯದು, ಕಥೆಯನ್ನು ಹೇಳುವುದು. ಧೈರ್ಯ ಬಂದ ಮೇಲೆ ಆ ರಾತ್ರಿಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಸುತ್ತಾರೆ. ಒಮ್ಮೆಯಲ್ಲ, ಹಲವು ಸಲ. ಮೊದಲ ಸಲ ನಡುಗುತ್ತಾ, ಅಳುತ್ತಾ, ಅರ್ಧಕ್ಕೇ ನಿಲ್ಲಿಸುತ್ತಾಳೆ. ನಾಲ್ಕನೆಯ ಸಲ ಕೊನೆಯವರೆಗೂ ಹೇಳುತ್ತಾಳೆ. ಆ ಕಥೆಗೆ ಒಂದು ಕೊನೆಯಿದೆ, ಅದು ಮುಗಿದಿದೆ, ತಾನು ಇನ್ನೂ ಕುರ್ಚಿಯಲ್ಲಿ ಕುಳಿತಿದ್ದೇನೆ ಎಂಬುದು ಅವಳ ದೇಹಕ್ಕೂ ಮೆಲ್ಲಗೆ ಅರ್ಥವಾಗುತ್ತದೆ. ಜೊತೆಗೆ ಬಿಟ್ಟುಬಿಟ್ಟ ಬದುಕನ್ನು ಮೆಟ್ಟಿಲು ಮೆಟ್ಟಿಲಾಗಿ ಮರಳಿ ಹಿಡಿಯುವ ಅಭ್ಯಾಸ ನಡೆಯುತ್ತದೆ. ಮೊದಲ ವಾರ ನಾದಿನಿಯ ಜೊತೆ ಬಸ್ ನಿಲ್ದಾಣದಲ್ಲಿ ನಿಂತು ಬರುವುದು. ಆಮೇಲೆ ನಿಂತ ಬಸ್ಸಿನಲ್ಲಿ ಕೂತು ಇಳಿಯುವುದು. ಆಮೇಲೆ ಒಂದು ನಿಲ್ದಾಣದ ದೂರ. ಆಮೇಲೆ ಹೊಳಲ್ಕೆರೆ ಸಂತೆಯವರೆಗೆ. ಕೊನೆಗೆ ಒಂದು ದಿನ, ಅವಳೇ ಬಯಸಿದರೆ, ಆ ಜಾಗಕ್ಕೆ ಹೋಗಿ ಗಂಡನಿಗಾಗಿ ಒಂದು ಜಪಸರ ಹೇಳಿ ಬರುವುದು.

ಇಂಥ ಚಿಕಿತ್ಸೆ ಸಾಮಾನ್ಯವಾಗಿ 8ರಿಂದ 15 ಭೇಟಿಗಳಲ್ಲಿ ನಡೆಯುತ್ತದೆ. ಎಲ್ಲರಿಗೂ ಒಂದೇ ಸಮನಾಗಿ ಗುಣವಾಗುತ್ತದೆ ಎಂದು ಯಾವ ಪ್ರಾಮಾಣಿಕ ತಜ್ಞರೂ ಹೇಳುವುದಿಲ್ಲ. ಬಾಲ್ಯದಿಂದ ವರ್ಷಗಟ್ಟಲೆ ನೋವುಂಡವರಿಗೆ ಹೆಚ್ಚು ಕಾಲ ಬೇಕು.

‘ಹಳೆಯ ಗಾಯವನ್ನು ಕೆದಕಿದರೆ ಇನ್ನಷ್ಟು ಹುಣ್ಣಾಗುವುದಿಲ್ಲವೇ?’ ಎಂದು ಹಿರಿಯರು ಕೇಳುತ್ತಾರೆ. ಅವರ ಮಾತಿನಲ್ಲಿ ಸತ್ಯಾಂಶವಿದೆ. ದುರಂತವಾದ ಕೂಡಲೇ ಎಲ್ಲರನ್ನೂ ಕೂರಿಸಿ ಒಂದೇ ಸಲಕ್ಕೆ ನಡೆದದ್ದನ್ನೆಲ್ಲ ಹೇಳಿಸುವ ಪದ್ಧತಿ ಹಿಂದೆ ಕೆಲವು ಕಡೆ ಇತ್ತು; ಅದರಿಂದ ಪ್ರಯೋಜನವಿಲ್ಲವೆಂದು ಕಂಡು ವಿಶ್ವ ಆರೋಗ್ಯ ಸಂಸ್ಥೆಯೇ ಅದು ಬೇಡವೆಂದು ಹೇಳಿದೆ. ಕೆದಕುವುದು ಬೇರೆ, ತೊಳೆಯುವುದು ಬೇರೆ. ಕೆದಕುವವರು ತಮ್ಮ ಕುತೂಹಲಕ್ಕೆ ಕೆದಕುತ್ತಾರೆ. ತೊಳೆಯುವವರು ಗಾಯಗೊಂಡವರ ಮುಖ ನೋಡುತ್ತಾ, ಅವರು ತಾಳುವಷ್ಟೇ ತೊಳೆಯುತ್ತಾರೆ.

ಪಾಪವಲ್ಲದ ಪಾಪಭಾರ

ಈಗ ಆ ತಾಯಿಯ ಪಾಪನಿವೇದನೆಗೆ ಬರೋಣ. ನಮ್ಮ ಮುಖ್ಯ ಪ್ರಶ್ನೆ ಇರುವುದು ಇಲ್ಲಿಯೇ.

ಘೋರ ಪಾಪವಾಗಬೇಕಾದರೆ ವಿಷಯ ಗುರುತರವಾಗಿರಬೇಕು, ಅದು ತಪ್ಪೆಂದು ತಿಳಿದಿರಬೇಕು, ತಿಳಿದೂ ಮನಃಪೂರ್ವಕವಾಗಿ ಒಪ್ಪಿ ಮಾಡಿರಬೇಕು ಎಂದು ಜ್ಞಾನೋಪದೇಶದ ತರಗತಿಯಲ್ಲಿ ನಾವೆಲ್ಲರೂ ಕಲಿತಿದ್ದೇವೆ. ಹಸು ಕರೆಯಬೇಕೆಂದು ಮನೆಗೆ ಹೊರಟದ್ದರಲ್ಲಿ ಇವುಗಳಲ್ಲಿ ಯಾವುದಿದೆ? ಅವಳು ಮಾಡಿದ್ದು ಒಬ್ಬ ಗೃಹಿಣಿಯ ದಿನನಿತ್ಯದ ತೀರ್ಮಾನ. ಹಾಗಿದ್ದರೂ ಅವಳ ಎದೆಯಲ್ಲಿ ಕೊಲೆಗಾರ್ತಿಯ ಭಾರವಿದೆ. ಪಾಪಕ್ಕೆ ದೇವರ ಕ್ಷಮೆಯಿದೆ. ಆದರೆ ಪಾಪವೇ ಅಲ್ಲದ್ದನ್ನು ಪಾಪವೆಂದು ಹೊತ್ತವರಿಗೆ ಎಷ್ಟು ಸಲ ಕ್ಷಮೆ ದೊರೆತರೂ ಹಗುರವಾಗುವುದಿಲ್ಲ, ಏಕೆಂದರೆ ಅಲ್ಲಿ ಬೇಕಾಗಿರುವುದು ಕ್ಷಮೆಯಲ್ಲ. ಅದು ಗಾಯ, ಅದಕ್ಕೆ ಬೇಕಾದದ್ದು ಮದ್ದು.

ತನ್ನನ್ನೇ ದೂರಿಕೊಳ್ಳುವುದರಲ್ಲಿ ಮನಸ್ಸಿಗೆ ಒಂದು ವಿಚಿತ್ರ ಆಸರೆಯೂ ಇದೆ. ‘ನನ್ನಿಂದಲೇ ಆಯಿತು’ ಎಂದುಕೊಂಡರೆ ‘ನಾನು ಬೇರೆ ರೀತಿ ಮಾಡಿದ್ದರೆ ತಪ್ಪಿಸಬಹುದಿತ್ತು’ ಎಂದಾಗುತ್ತದೆ. ಯಾವ ಕಾರಣವೂ ಇಲ್ಲದೆ, ಎಲ್ಲಿಂದಲೋ ಬಂದ ಲಾರಿಯೊಂದು ಒಂದು ಮನೆಯನ್ನು ಮುರಿಯಬಲ್ಲದು ಎಂದು ಒಪ್ಪುವುದು ಅದಕ್ಕಿಂತ ಕಷ್ಟ. ಆದ್ದರಿಂದಲೇ ‘ನಿನ್ನ ತಪ್ಪೇನೂ ಇಲ್ಲ ಬಿಡು’ ಎಂದು ನಾವು ನೂರು ಸಲ ಹೇಳಿದರೂ ಅವಳು ಒಪ್ಪುವುದಿಲ್ಲ.

ಮನಶ್ಶಾಸ್ತ್ರಜ್ಞರು ಹಾಗೆ ತೀರ್ಪು ಕೊಡಲು ಹೋಗುವುದಿಲ್ಲ. ಅವರು ಪ್ರಶ್ನೆ ಕೇಳುತ್ತಾರೆ. “ಆ ರಾತ್ರಿ ಹೊರಡುವಾಗ ನಿಮಗೆ ಗೊತ್ತಿದ್ದದ್ದೇನು? ಇವತ್ತು ಗೊತ್ತಿರುವುದೇನು? ಅದಕ್ಕೆ ಮೊದಲು ಎಷ್ಟು ಸಲ ಹೀಗೆ ರಾತ್ರಿ ಮನೆಗೆ ಬಂದಿದ್ದಿರಿ? ಲಾರಿ ಓಡಿಸುತ್ತಿದ್ದವರು ಯಾರು? ನಿಮ್ಮ ತಂಗಿಗೆ ಹೀಗಾಗಿದ್ದರೆ ಅವಳಿಗೆ ನೀವು ಏನು ಹೇಳುತ್ತಿದ್ದಿರಿ?” ಉತ್ತರ ಅವಳ ಬಾಯಿಂದಲೇ ಬರಬೇಕು. ಬರುವುದಕ್ಕೆ ವಾರಗಳು ಹಿಡಿಯಬಹುದು. “ನಾನು ಹಸು ಕರೆಯೋಕೆ ಹೊರಟಿದ್ದೆ, ಅವರನ್ನ ಕೊಲ್ಲೋಕಲ್ಲ” ಎಂಬ ಮಾತನ್ನು ಅವಳು ತಾನಾಗಿ ಆಡಿದ ದಿನ, ಅವಳು ಮೊದಲ ಬಾರಿಗೆ ಗಂಡನಿಗಾಗಿ ಅಳುತ್ತಾಳೆ. ಅದುವರೆಗೆ ಅವಳು ಅತ್ತದ್ದು ತನ್ನ ತಪ್ಪಿಗಾಗಿ. ಆ ಅಳುವಿನ ಹಿಂದೆ ಗಂಡನನ್ನು ಕಳೆದುಕೊಂಡ ದುಃಖಕ್ಕೆ ಜಾಗವೇ ಇರಲಿಲ್ಲ.

ಕ್ಷಮೆಗೆ ಅವಸರ ಬೇಡ

ಆ ತಾಯಿಯ ಗಾಯ ಅಪಘಾತದಿಂದ ಆದದ್ದು. ಮನುಷ್ಯರ ಕೈಯಿಂದಲೇ, ಅದೂ ಮನೆಯವರ ಕೈಯಿಂದ, ಗಾಯಗೊಂಡವರ ಪಾಡು ಇದಕ್ಕಿಂತ ಕಷ್ಟ. ಕುಡಿದು ಬಂದು ಹೊಡೆಯುವ ಗಂಡನ ಹೆಂಡತಿ. ನಂಬಿದ ದೊಡ್ಡವರಿಂದಲೇ ಕೆಟ್ಟ ಸ್ಪರ್ಶಕ್ಕೆ ಗುರಿಯಾದ ಮಗು. ಇವರಿಗೆ ನಾವು ‘ಮರೆತುಬಿಡು’ ಎನ್ನುವುದರ ಜೊತೆಗೆ ಇನ್ನೊಂದನ್ನು ಸೇರಿಸುತ್ತೇವೆ: ‘ಕ್ಷಮಿಸಿಬಿಡು. ನಾವು ಕ್ರೈಸ್ತರಲ್ಲವೇ?’

ಕ್ಷಮೆ ನಮ್ಮ ವಿಶ್ವಾಸದ ಜೀವಾಳ ಎಂಬುದರಲ್ಲಿ ಸಂದೇಹವಿಲ್ಲ. ಪ್ರಭು ಯೇಸು ತಮ್ಮನ್ನು ಶಿಲುಬೆಗೆ ಜಡಿದವರನ್ನು ಕ್ಷಮಿಸುವಂತೆ ತಂದೆಯನ್ನು ಬೇಡಿದರು. ಆದರೆ ಒಂದು ವಿಷಯ ಗಮನಿಸಿ. ಆ ಪ್ರಾರ್ಥನೆ ಬಂದದ್ದು ಗಾಯಗೊಂಡವರ ಬಾಯಿಂದಲೇ. ಶಿಲುಬೆಯ ಬುಡದಲ್ಲಿ ನಿಂತಿದ್ದ ಮಾತೆ ಮರಿಯಮ್ಮನವರಾಗಲಿ, ಶಿಷ್ಯ ಯೊವಾನ್ನರಾಗಲಿ ‘ಕ್ಷಮಿಸು’ ಎಂದು ಅವರಿಗೆ ಉಪದೇಶ ಮಾಡಲಿಲ್ಲ. ಅವರು ಸುಮ್ಮನೆ ಜೊತೆಗೆ ನಿಂತರು. ನಿಂತಿರುವವರ ಪಾಲಿನ ಕೆಲಸ ಅದೇ. ಕ್ಷಮೆ ಎಂಬುದು ಗಾಯಗೊಂಡವರು ಕೊಡಬಹುದಾದ ದಾನ. ದಾನವನ್ನು ಬಲವಂತದಿಂದ ವಸೂಲಿ ಮಾಡಿದರೆ ಅದು ದಾನವಾಗಿ ಉಳಿಯುವುದಿಲ್ಲ. ಇನ್ನೂ ಪೆಟ್ಟು ಬೀಳುತ್ತಿರುವಾಗಲೇ ಕ್ಷಮಿಸೆಂದು ಹೇಳುವುದು, ಪೆಟ್ಟು ಕೊಡುವವನ ಕೈಗೆ ಬಲ ಕೊಟ್ಟಂತೆ.

ಆದ್ದರಿಂದಲೇ ಚಿಕಿತ್ಸೆಯಲ್ಲಿ ಸುರಕ್ಷತೆ ಮೊದಲು. ಹೆಂಡತಿಗೆ ರಕ್ಷಣೆ ಕೊಡಲು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಇದೆ. ಮಕ್ಕಳ ವಿಷಯದಲ್ಲಿ 2012ರ ಪೋಕ್ಸೊ ಕಾಯಿದೆಯ ಪ್ರಕಾರ, ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಮನೆತನದ ಮರ್ಯಾದೆ, ಸಂಸ್ಥೆಯ ಮರ್ಯಾದೆ ಎಂದು ಮುಚ್ಚಿಡಲು ಯಾರಿಗೂ ಅಧಿಕಾರವಿಲ್ಲ. ಈ ವಿಷಯದಲ್ಲಿ ಚಿಕಿತ್ಸಕರ ಗೌಪ್ಯತೆಗೂ ಮಿತಿಯಿದೆ. ನಮ್ಮ ಧರ್ಮಸಭೆಯೂ ಇದನ್ನು ಬಹಳ ನೋವಿನಿಂದ ಕಲಿಯಬೇಕಾಯಿತು. 2018ರ ಆಗಸ್ಟ್‌ನಲ್ಲಿ ಪೋಪ್ ಫ್ರಾನ್ಸಿಸ್ ಅವರು ದೇವಜನರೆಲ್ಲರಿಗೆ ಬರೆದ ಪತ್ರದಲ್ಲಿ, ಇಂಥ ಗಾಯಗಳು ಕಾಲ ಕಳೆದ ಮಾತ್ರಕ್ಕೆ ಇಲ್ಲವಾಗುವುದಿಲ್ಲ ಎಂಬುದನ್ನು ಒಪ್ಪಿಕೊಂಡು, ನೊಂದವರ ದನಿಯನ್ನು ಕೇಳದೆ ಹೋದದ್ದಕ್ಕೆ ನಾಚಿಕೆಪಟ್ಟರು.

ವಿಶ್ವಾಸದ ಕೊರತೆಯೇ?

‘ಪ್ರಾರ್ಥನೆ ಮಾಡುವವರಿಗೆ ಮನಶ್ಶಾಸ್ತ್ರಜ್ಞರು ಏಕೆ ಬೇಕು?’ ಎಂಬ ಪ್ರಶ್ನೆಯನ್ನೂ ಕೇಳುತ್ತೇವೆ. ಜ್ವರ ಬಂದಾಗ ಪ್ರಾರ್ಥನೆಯನ್ನೂ ಮಾಡುತ್ತೇವೆ, ಮಾತ್ರೆಯನ್ನೂ ನುಂಗುತ್ತೇವೆ. ಮನಸ್ಸಿನ ಬೇನೆಗೆ ಮಾತ್ರ ಬೇರೆ ನಿಯಮವೇಕೆ? ಅದೇ ಪೋಪ್ ಫ್ರಾನ್ಸಿಸ್ ಅವರು ತಮ್ಮ 42ನೆಯ ವಯಸ್ಸಿನಲ್ಲಿ, ಕೆಲವು ವಿಷಯಗಳನ್ನು ಸ್ಪಷ್ಟಪಡಿಸಿಕೊಳ್ಳಲು, ಆರು ತಿಂಗಳ ಕಾಲ ವಾರಕ್ಕೊಮ್ಮೆ ಯೆಹೂದಿ ಮನೋವಿಶ್ಲೇಷಕಿಯೊಬ್ಬರ ಬಳಿ ಹೋಗುತ್ತಿದ್ದುದನ್ನು 2017ರಲ್ಲಿ ಪ್ರಕಟವಾದ ಸಂದರ್ಶನ ಗ್ರಂಥದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಆಗ ಅವರು ಗುರುಗಳಾಗಿದ್ದವರು. ಅದರಿಂದ ಅವರ ವಿಶ್ವಾಸವೇನೂ ಕಡಿಮೆಯಾಗಲಿಲ್ಲ.

ಸಂತ ಲೂಕರ ಶುಭಸಂದೇಶದಲ್ಲಿ ಬರುವ ಒಳ್ಳೆಯ ಸಮಾರಿತನು ದಾರಿಯಲ್ಲಿ ಬಿದ್ದಿದ್ದವನಿಗೆ ಉಪದೇಶ ಮಾಡಲಿಲ್ಲ. ‘ರಾತ್ರಿ ಹೊತ್ತು ಈ ದಾರಿಗೆ ಏಕೆ ಬಂದೆ?’ ಎಂದು ಕೇಳಲೂ ಇಲ್ಲ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಚ್ಚಿ ಕಟ್ಟಿದ. ತನ್ನಿಂದ ಆಗುವಷ್ಟು ಮಾಡಿ, ಉಳಿದದ್ದನ್ನು ಛತ್ರದವನಿಗೆ ಒಪ್ಪಿಸಿದ, ಅದರ ಖರ್ಚನ್ನೂ ಕೊಟ್ಟ. ನೊಂದವರನ್ನು ತಜ್ಞರ ಬಳಿಗೆ ಕರೆದೊಯ್ಯುವುದು ನಾವು ಕೈತೊಳೆದುಕೊಂಡಂತಲ್ಲ. ಅದೂ ಸಮಾರಿತನ ಕೆಲಸವೇ.

ಪುನರುತ್ಥಾನರಾದ ಪ್ರಭುವಿನ ದೇಹದಲ್ಲಿ ಗಾಯದ ಗುರುತುಗಳಿದ್ದವು ಎಂಬುದೂ ಯೋಚಿಸತಕ್ಕ ವಿಷಯ. ಮರಣವನ್ನೇ ಗೆದ್ದವರಿಗೆ ಆ ಗುರುತುಗಳನ್ನು ಅಳಿಸಿಹಾಕುವುದು ಅಸಾಧ್ಯವಾಗಿತ್ತೇ? ಅವರು ಅಳಿಸಲಿಲ್ಲ; ತೋಮನಿಗೆ ತೋರಿಸಿದರು. ಆ ಗಾಯಗಳಲ್ಲಿ ರಕ್ತ ಸುರಿಯುತ್ತಿರಲಿಲ್ಲ, ಆದರೆ ಗುರುತು ಉಳಿದಿತ್ತು. ಗುಣವಾಗುವುದೆಂದರೆ ಇಷ್ಟೇ. ಆ ತಾಯಿಗೆ ಆ ರಾತ್ರಿ ಎಂದೂ ಮರೆಯುವುದಿಲ್ಲ. ಮರೆಯಬೇಕಾಗಿಯೂ ಇಲ್ಲ. ಅದು ಅವಳ ಗಂಡನ ಕೊನೆಯ ರಾತ್ರಿ.

ನಮ್ಮಿಂದ ಆಗುವುದೇನು?

ಎಲ್ಲರೂ ಮನಶ್ಶಾಸ್ತ್ರಜ್ಞರಾಗಲು ಸಾಧ್ಯವಿಲ್ಲ. ತಾಳ್ಯದಂಥ ಕಡೆಯಿಂದ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತೆಂದೇ ಲೆಕ್ಕ. ಹದಿನೈದು ದಿನಕ್ಕೊಮ್ಮೆ ಹೀಗೆ ಹೋಗುವುದು ಬಡವರಿಗೆ ಸುಲಭವಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆಗೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರೂ ಇರಬೇಕೆಂಬುದು ನಿಯಮ. ಮಾನಸಿಕ ಆರೋಗ್ಯ ಸೇವೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎಂದು 2017ರ ಕಾಯಿದೆ ಹೇಳುತ್ತದೆ. ಕೇಳಿ ಪಡೆಯಲು ನಾವು ಸಂಕೋಚಪಡಬೇಕಾಗಿಲ್ಲ. ಹೋಗಲಾಗದವರು 14416 ಸಂಖ್ಯೆಗೆ ದೂರವಾಣಿ ಮಾಡಿ ಕನ್ನಡದಲ್ಲೇ ಮಾತನಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಟೆಲಿ ಮನಸ್’ ಎಂಬ ಈ ಸರ್ಕಾರಿ ಸೇವೆಗೆ ಹಣ ಕೊಡಬೇಕಾಗಿಲ್ಲ.

ಧರ್ಮಕೇಂದ್ರದ ನೆರೆಹೊರೆಯವರಾಗಿ ನಾವು ಮಾಡಬಹುದಾದದ್ದು ಇನ್ನೂ ಇದೆ. ಒಂದು ದಿನ ಜೊತೆಗೆ ಆಸ್ಪತ್ರೆಗೆ ಹೋಗಬಹುದು. ಆ ದಿನ ಅವರ ಹಸು ಕರೆದು, ಮಕ್ಕಳಿಗೆ ಊಟ ಹಾಕಬಹುದು. ‘ಹೇಗಾಯಿತು, ರಕ್ತ ಬಂದಿತ್ತಾ’ ಎಂದು ಕೆದಕದೆ ಇರಬಹುದು. ಅವರು ಹೇಳತೊಡಗಿದಾಗ ‘ಅದೆಲ್ಲ ಬಿಡಿ’ ಎಂದು ಮಾತು ತಿರುಗಿಸದೆ ಕೇಳಬಹುದು. ಅದೇ ಮಾತನ್ನು ಐದನೆಯ ಸಲ ಹೇಳಿದಾಗಲೂ ಬೇಸರಪಡದೆ ಕೇಳಬಹುದು. ನಾವು ಅಂದುಕೊಂಡಷ್ಟು ಸುಲಭದ ಕೆಲಸ ಇದಲ್ಲ. ಇನ್ನೊಬ್ಬರ ನೋವಿನ ಮುಂದೆ ಏನೂ ಮಾಡಲಾಗದೆ ಕುಳಿತಿರುವುದು ನಮ್ಮನ್ನೂ ಅಲುಗಾಡಿಸುತ್ತದೆ. ‘ಮರೆತುಬಿಡು’ ಎಂಬ ಮಾತು ಎಷ್ಟೋ ಸಲ ನಾವು ಆ ಕಷ್ಟದಿಂದ ತಪ್ಪಿಸಿಕೊಳ್ಳಲು ಹುಡುಕಿಕೊಂಡ ದಾರಿ.

ನಮ್ಮ ಜಿಲ್ಲೆಯವರಿಗೆ ಕೆರೆಯ ವಿಷಯ ಹೇಳಿಕೊಡಬೇಕಾಗಿಲ್ಲ. 2022ರಲ್ಲಿ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದಾಗ ಊರೂರಿನ ಜನ ನೋಡಲು ಹೋಗಿದ್ದರು. 89 ವರ್ಷ ನೀರು ಹರಿಯದಿದ್ದರೂ ಆ ಕೋಡಿಯನ್ನು ಯಾರೂ ಮುಚ್ಚಿಸಿರಲಿಲ್ಲ. ಕೋಡಿ ಮುಚ್ಚಿದ ಕೆರೆ ಒಂದಲ್ಲ ಒಂದು ಮಳೆಗೆ ಏರಿಯನ್ನೇ ಒಡೆದುಕೊಂಡು ಹೋಗುತ್ತದೆ ಎಂಬುದು ಕಟ್ಟಿದವರಿಗೆ ಗೊತ್ತಿತ್ತು.

ಮುಂದಿನ ಸಲ ಸಾವಿನ ಮನೆಗೋ, ಅಪಘಾತವಾದ ಮನೆಗೋ ಹೋದಾಗ ‘ಮರೆತುಬಿಡು’ ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ. ಅದನ್ನು ಅಲ್ಲಿಯೇ ತಡೆದು, ಚಾಪೆಯ ಮೇಲೆ ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಹೆಚ್ಚಾಗಿ ಕೂರೋಣ. “ನಾನು ಇಲ್ಲೇ ಇದ್ದೀನಮ್ಮ. ನಿಂಗೆ ಹೇಳ್ಬೇಕು ಅನ್ನಿಸ್ದಾಗ ಹೇಳು” ಎಂದರೆ ಸಾಕು.